ನಾಲ್ಕು ಲಕ್ಷದ ಸ್ಪೀಕರ್ರು, ಹತ್ತಡಿ ರೂಮು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ್ರಿ ಸರ್. ಬ್ಯಾಂಕಿನಿಂದ ರಿಟೈರ್ ಆಗೇನ್ರಿ, ವಯಸ್ಸು 63. ಮನ್ಸೂರರು, ಭೀಮಸೇನ ಜೋಶಿಯವರನ್ನ ಕೇಳ್ಕೋತ ಬೆಳದಾಂವ. ಈಗ ಕೈಯಾಗ ಒಂದ್ ನಾಕ್ ಲಕ್ಷ ಐತಿ, ಛಲೋ ಜೋಡಿ ಸ್ಪೀಕರ್ ತಗೋಬೇಕಂತ ಮಾಡೇನಿ. ಅಂಗಡಿಯಾಂವ ಎದಿಮಟಾ ಬರೂ ಟವರ್ ಸ್ಪೀಕರ್ ತೋರಸ್ತಾನ, ನನ್ನ ಮಗ ಕೆಇಎಫ್ ಎಲ್‌ಎಸ್50 ಮೆಟಾ ಅನ್ನೂ ಸಣ್ಣ ಸ್ಪೀಕರ್ ಸಾಕು ಅಂತಾನ. ವಜ್ರದ ಟ್ವೀಟರೂ (ಮ್ಯಾಲಿನ ಸ್ವರ ನುಡಸೂ ಸಣ್ಣ ಭಾಗ) ಬಂದಾವಂತಲ್ರಿ, ಖರೇನ ಫರಕ್ ಗೊತ್ತಾಗತೈತೇನು? ರೂಮ್ 10×10 ಐತ್ರಿ. — ಧಾರವಾಡ

ಉತ್ತರ: ಮಗ ಹೇಳ್ತಿರೋದು ಸರಿ ಇದೆ ಸರ್, ಯಾಕೆ ಅನ್ನೋದನ್ನ ಮಾತ್ರ ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಮ್ಮ ಪತ್ರದಲ್ಲಿ ನಾಲ್ಕು ಲಕ್ಷಕ್ಕಿಂತ ದೊಡ್ಡ ವಿಷಯ ಕೊನೇಲಿ ಬರೆದಿರೋ ಆ 10×10. ಹತ್ತಡಿ ಅಂದ್ರೆ ಮೂರು ಮೀಟರ್ ಚಿಲ್ಲರೆ, ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ, ಈ ಲೆಕ್ಕದಲ್ಲಿ ಎದುರುಬದುರು ಗೋಡೆಗಳ ಮಧ್ಯೆ ಅರ್ಧ ಅಲೆ ಸರಿಯಾಗಿ ಕೂರೋದು 56 ಹರ್ಟ್ಸ್ ಹತ್ತಿರ, ಅಂದ್ರೆ ಸೆಕೆಂಡಿಗೆ 56 ಕಂಪನದ ತಗ್ಗು ಸ್ವರ. ಉದ್ದಕ್ಕೂ 56, ಅಗಲಕ್ಕೂ 56, ಮೇಲಿನ ತಾರಸಿನೂ ಹತ್ತಡಿ ಎತ್ತರ ಇದ್ರೆ ಅಲ್ಲೂ 56! ಮೂರೂ ಒಂದೇ ಜಾಗಕ್ಕೆ ಬಂದು ಕೂತ್ರೆ ಆ ಸ್ವರದ ಆಸುಪಾಸು ಏನು ಬಂದ್ರೂ ಬಿಂದಿಗೆಯೊಳಗೆ ಬಾಯಿಟ್ಟು ಕೂಗಿದ ಹಾಗೆ ರೂಮು ಗುಂಯ್ ಅನ್ನುತ್ತೆ. ಟವರ್ ಸ್ಪೀಕರ್‌ಗಳ ಹೆಚ್ಚುಗಾರಿಕೆನೇ ಅವು ಅಷ್ಟು ಕೆಳಗೆ ಇಳಿಯೋದು, ನಿಮ್ಮನೇಲಿ ಅದೇ ತಲೆನೋವು. ತಬಲಾದ ಡಗ್ಗಾ ಮೇಲೆ ಕೈ ಬಿದ್ದಾಗೆಲ್ಲ ಆಲಾಪದ ಮೇಲೆ ಕಂಬಳಿ ಹೊದೆಸಿದ ಹಾಗಾಗುತ್ತೆ.

ಕೆಇಎಫ್ 1961ರಲ್ಲಿ ರೇಮಂಡ್ ಕುಕ್ ಇಂಗ್ಲೆಂಡಿನ ಮೇಡ್‌ಸ್ಟನ್‌ನಲ್ಲಿ ಶುರು ಮಾಡಿದ ಕಂಪನಿ. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನ್‌ಗಳಲ್ಲಿ ಮಾತು ಸರಿಯಾಗಿ ಬರ್ತಿದೆಯಾ ಅಂತ ನೋಡೋಕೆ ಎಲ್‌ಎಸ್3/5ಎ ಅನ್ನೋ ಪುಟ್ಟ ಡಬ್ಬಿ ಮಾಡ್ಕೊಂಡಿದ್ರಲ್ಲ, ಅದರೊಳಗಿದ್ದ ಡ್ರೈವರ್‌ಗಳು, ಅಂದ್ರೆ ಶಬ್ದ ಹೊರಡಿಸೋ ಭಾಗಗಳು, ಇವರದ್ದೇ. ಆ ವಂಶದ ಕುಡಿ ಅಂತಾನೇ 2012ರಲ್ಲಿ ಎಲ್‌ಎಸ್50 ಬಂತು, 2020ರಲ್ಲಿ ಮೆಟಾ. ಕೋನಿನ (ಮುಂದೆ ಅಲುಗೋ ಬಟ್ಟಲಿನಂಥ ಭಾಗ) ನಟ್ಟನಡುವೆ ಟ್ವೀಟರ್ ಕೂರಿಸಿರೋದ್ರಿಂದ ಮೇಲಿನ ಸ್ವರ ಕೆಳಗಿನ ಸ್ವರ ಎರಡೂ ಒಂದೇ ಬಿಂದುವಿಂದ ಬರುತ್ತೆ, ನಿಮ್ಮ ರೂಮಲ್ಲಿ ಹೇಗೂ ಆರಡಿ ದೂರದಲ್ಲೇ ಕೂರ್ಬೇಕು, ಅಷ್ಟು ಹತ್ತಿರದಿಂದ ಕೇಳಿದ್ರೂ ದನಿ ಒಡೆಯಲ್ಲ. ಕಂಪನಿ ಕೊಡೋ ಲೆಕ್ಕದ ಪ್ರಕಾರ ಇದರ ತಗ್ಗು ದನಿ 79 ಹರ್ಟ್ಸ್‌ನಿಂದ ಕೆಳಗೆ ಇಳಿಮುಖ. ಹಾಗಾದ್ರೆ ತಂಬೂರಿಯ ಖರ್ಜ, ಅಂದ್ರೆ ಕೆಳಗಿನ ಸಾ, ಹೋಯ್ತಲ್ಲಾ ಅಂತೀರಾ? ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಖರ್ಜದ ತಂತಿ 65 ಹರ್ಟ್ಸ್ ಹತ್ತಿರ ಇರುತ್ತೆ, ನಿಜ, ಆದ್ರೆ ತಂಬೂರಿಯ ಜೀವ ಇರೋದು ಜವಾರಿಯಲ್ಲಿ, ಅಂದ್ರೆ ತಂತಿಯ ಆ ಝೇಂಕಾರದಲ್ಲಿ, ಅದು ಪೂರ್ತಿ ಮೇಲಿನ ಸ್ವರಾಂಶಗಳ ಆಟ, ಕಿವಿ ಅದರಿಂದಲೇ ಕೆಳಗಿನದ್ದನ್ನ ತುಂಬಿಸ್ಕೊಳ್ಳುತ್ತೆ. ಮೇಲಾಗಿ ಗೋಡೆ ಹತ್ತಿರ ಇರೋದ್ರಿಂದ ರೂಮೇ ಸ್ವಲ್ಪ ಬೇಸ್ ಸೇರಿಸಿ ಕೊಡುತ್ತೆ.

ವಜ್ರದ ವಿಷಯ. ಬವರ್ಸ್ ಅಂಡ್ ವಿಲ್ಕಿನ್ಸ್ ಅವರು 2005ರಿಂದ ತಮ್ಮ 800 ಸರಣಿಯ ಟ್ವೀಟರ್‌ಗೆ ವಜ್ರದ ಗುಮ್ಮಟ ಹಾಕ್ತಿದಾರೆ, ಸುಮಾರು 70 ಕಿಲೋಹರ್ಟ್ಸ್ ತನಕ ಅದು ಆಕಾರ ಕೆಡದೆ ಗಟ್ಟಿಯಾಗಿ ನಿಲ್ಲುತ್ತೆ ಅನ್ನೋದು ಅವರ ಹೆಮ್ಮೆ. ಮಾಡ್ಲಿ, ಚೆನ್ನಾಗಿದೆ. 63ರ ಕಿವಿಗೆ ಹತ್ತು ಹನ್ನೆರಡು ಕಿಲೋಹರ್ಟ್ಸ್ ದಾಟಿ ಕೇಳಿಸಿದ್ರೆ ದೊಡ್ಡದು, ನನಗೂ ಅಷ್ಟೇ, ಬೇಜಾರು ಮಾಡ್ಕೋಬೇಡಿ. ಆ ಸ್ಪೀಕರ್‌ಗಳು ಒಳ್ಳೇವೇ, ಆದ್ರೆ ಅವುಗಳ ಒಳ್ಳೆತನದ ದೊಡ್ಡ ಪಾಲು ಅಲುಗಾಡದ ಡಬ್ಬಿಯಲ್ಲಿದೆ, ಅಂಥ ದೊಡ್ಡ ಸ್ಪೀಕರ್‌ಗೆ ದೊಡ್ಡ ರೂಮೇ ಬೇಕು.

ಬರೀ ಗಾಯನ ಕೇಳೋರಾದ್ರೆ ಹಾರ್ಬೆತ್ ಪಿ3 ಕೂಡ ಒಂದ್ಸಲ ಕೇಳಿ ನೋಡಿ, ಬಿಬಿಸಿಯ ಸಂಶೋಧನಾ ವಿಭಾಗದಲ್ಲಿದ್ದ ಹಾರ್ವುಡ್ ಅನ್ನೋರು 1977ರಲ್ಲಿ ಕಟ್ಟಿದ ಕಂಪನಿ, ಮನುಷ್ಯನ ಗಂಟಲು ಅಂದ್ರೆ ಏನು ಅಂತ ಅವರಿಗೆ ಗೊತ್ತು. ಉಳಿದ ದುಡ್ಡಲ್ಲಿ ಒಳ್ಳೇ ಆಂಪ್ಲಿಫೈಯರ್, ಭಾರದ ಕಬ್ಬಿಣದ ಸ್ಟ್ಯಾಂಡು, ಹಾಗೇ ನವಲಗುಂದದ ಒಂದು ದೊಡ್ಡ ಜಮಖಾನ. ತಮಾಷೆಗೆ ಹೇಳ್ತಿಲ್ಲ.

ಪ್ರಶ್ನೆ: ಹನ್ನೊಂದು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದು ಈಗ ಬೆಂಗಳೂರಿಗೆ ವಾಪಸ್ ಬಂದಿದೀವಿ. ಅಲ್ಲಿಂದ ತಂದ ಟವರ್ ಸ್ಪೀಕರ್ ಅಲ್ಲಿ ಅದ್ಭುತವಾಗಿತ್ತು, ಇಲ್ಲಿ ಫ್ಲ್ಯಾಟಲ್ಲಿ ಕೇಳಿದ್ರೆ ಬೇಸ್ ಗುಡುಗುಡು, ಹಾಡೋರ ಮಾತೇ ತಿಳಿಯಲ್ಲ. ಶಿಪ್ಪಿಂಗ್‌ನಲ್ಲಿ ಏನಾದ್ರೂ ಹಾಳಾಗಿದೆಯಾ? ಮಾರಿ ಬೇರೆ ತಗೊಳ್ಳೋದಾ? — ವೈಟ್‌ಫೀಲ್ಡ್

ಉತ್ತರ: ಸ್ಪೀಕರ್ ಹಾಳಾಗಿಲ್ಲ, ಮನೆ ಬದಲಾಗಿದೆ ಅಷ್ಟೇ. ಅಲ್ಲಿನ ಗೋಡೆ ಅಂದ್ರೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದಿರೋದು, ತಗ್ಗು ಸ್ವರ ಬಂದಾಗ ಆ ಹಲಗೆ ಸ್ವಲ್ಪ ಬಾಗಿ ಶಕ್ತಿ ಹೀರ್ಕೊಳ್ಳುತ್ತೆ, ಇನ್ನೊಂದಷ್ಟು ಆಚೆಗೆ ಸೋರಿಹೋಗುತ್ತೆ. ನಮ್ಮಲ್ಲಿ ಕಾಂಕ್ರೀಟು, ಇಟ್ಟಿಗೆ, ಗಾರೆ, ಕೆಳಗೆ ವಿಟ್ರಿಫೈಡ್ ಟೈಲ್ಸು, ಒಂದೂ ಬಾಗಲ್ಲ, ಹೋದ ಶಬ್ದ ಹೋದ ಹಾಗೇ ವಾಪಸ್ ಬರುತ್ತೆ. ಅಮೆರಿಕದ ರಿವ್ಯೂ ಓದಿ ಇಲ್ಲಿ ಸ್ಪೀಕರ್ ತಗೊಳ್ಳೋರು ಎಡವೋದು ಇಲ್ಲೇ, ಅಲ್ಲಿ ಬೇಸ್ ಹದವಾಗಿದೆ ಅಂತ ಬರೆದಿದ್ದು ನಮ್ಮ ಕಾಂಕ್ರೀಟ್ ಡಬ್ಬಿಯಲ್ಲಿ ಅತಿಯಾಗಿರುತ್ತೆ.

ಮಾರೋ ಮುಂಚೆ ಒಂದು ಭಾನುವಾರ ಬಿಡುವು ಮಾಡ್ಕೊಳ್ಳಿ. ಸ್ಪೀಕರ್ ಹಿಂದೆ ತೂತಿದ್ರೆ ಅದಕ್ಕೆ ಸ್ಪಾಂಜು ತುರುಕಿ, ಹಿಂದಿನ ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಎಳೀರಿ, ಮೂಲೆಯಿಂದ ಅಂತೂ ದೂರ ಇಡಿ. ನಿಮ್ಮ ಸೋಫಾ ಹಿಂಗೋಡೆಗೆ ಅಂಟ್ಕೊಂಡಿರುತ್ತೆ, ನಮ್ಮೆಲ್ಲರ ಮನೇಲೂ ಹಾಗೇ, ಗೋಡೆ ಪಕ್ಕ ಬೇಸ್ ಅತಿ ಹೆಚ್ಚು, ಸೋಫಾನ ಎರಡಡಿ ಮುಂದಕ್ಕೆ ತಂದು ಕೂತು ಕೇಳಿ ನೋಡಿ, ಮನೆಯವರು ಬೈತಾರೆ, ಬೈಸ್ಕೊಳ್ಳಿ. ಆಮೇಲೆ ನೀವು ಕೂತಿದ್ದಾಗ ಮಗಳ ಕೈಗೆ ಒಂದು ಕನ್ನಡಿ ಕೊಟ್ಟು ಪಕ್ಕದ ಗೋಡೆ ಮೇಲೆ ಸರಿಸ್ಕೊಂಡು ಹೋಗೋಕೆ ಹೇಳಿ, ಕನ್ನಡೀಲಿ ಸ್ಪೀಕರ್ ಎಲ್ಲಿ ಕಾಣ್ಸುತ್ತೋ ಅಲ್ಲಿಂದಲೇ ಶಬ್ದ ಮೊದಲು ಚಿಮ್ಮಿ ಬರೋದು, ಆ ಜಾಗಕ್ಕೆ ದಪ್ಪ ಪರದೆಯೋ ಪುಸ್ತಕದ ಕಪಾಟೋ ಬರ್ಲಿ. ಮಾತು ತಿಳಿಯದೇ ಇರೋದು ಇದರಿಂದಲೇ ಅರ್ಧ ಸರಿಹೋಗುತ್ತೆ. ಬೇಸ್‌ಗೆ ಪರದೆ ಏನೂ ಮಾಡಲ್ಲ, ಅದಕ್ಕೆ ಮೂಲೆಯಲ್ಲಿ ದಪ್ಪ ಹತ್ತಿ ಹಾಸಿಗೆ ಸುರುಳಿ ಸುತ್ತಿ ನಿಲ್ಲಿಸಿ ನೋಡಿ, ಇಲ್ಲಾ ರೂಮ್ ಕರೆಕ್ಷನ್ (ರೂಮಿನ ಗುಂಯ್ ಅಳೆದು ತಾನೇ ತಗ್ಗಿಸೋ ಸೌಲಭ್ಯ) ಇರೋ ಆಂಪ್ಲಿಫೈಯರ್ ತಗೊಳ್ಳಿ. ಅಂದಹಾಗೆ ಅಲ್ಲಿನ ಆಂಪ್ಲಿಫೈಯರನ್ನೂ ತಂದಿದ್ರೆ ಹಿಂದೆ 120 ವೋಲ್ಟ್ ಅಂತ ಬರೆದಿದೆಯಾ ನೋಡ್ಕೊಳ್ಳಿ, ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಚುಚ್ಚಿದ್ರೆ ಹೊಗೆ ಬರುತ್ತೆ.

ಪ್ರಶ್ನೆ: ಅಂಗಡೀಲಿ ಎರಡು ಜೋಡಿ ಕೇಳಿಸಿದ್ರು. ಒಂದು ಎರಡು ಲಕ್ಷದ್ದು, ಇನ್ನೊಂದು ಐದು ಲಕ್ಷದ್ದು. ಐದರದ್ದು ಕೇಳಿದ ಕೂಡ್ಲೇ ಮೈ ಜುಮ್ಮಂತು. ಇದು ನಿಜವಾದ ವ್ಯತ್ಯಾಸನಾ ಇಲ್ಲಾ ನನ್ನ ಭ್ರಮೆನಾ? — ಮೈಸೂರು

ಉತ್ತರ: ಎರಡೂ ಇರಬಹುದು, ಆದ್ರೆ ಒಂದು ವಿಷಯ ಕೇಳ್ತೀನಿ, ಎರಡರ ವಾಲ್ಯೂಮೂ ಒಂದೇ ಇತ್ತಾ? ಒಂದು ಡೆಸಿಬೆಲ್ ಜಾಸ್ತಿ ಇದ್ರೂ ಕಿವಿಗೆ ಅದು ಜೋರಾಗಿದೆ ಅನ್ಸಲ್ಲ, ಚೆನ್ನಾಗಿದೆ ಅನ್ಸುತ್ತೆ. ನನಗೊಂದು ಅಂಗಡೀಲಿ ಹೀಗೇ ಆಯ್ತು, ಸಣ್ಣ ಜೋಡಿ ಮುಗಿದು ದೊಡ್ಡದಕ್ಕೆ ಬದಲಾಯಿಸುವಾಗ ಹುಡುಗ ಮಾತಾಡ್ತಾ ಮಾತಾಡ್ತಾ ರಿಮೋಟಲ್ಲಿ ಮೂರು ಸಲ ಒತ್ತಿದ್ದನ್ನ ಕಣ್ಣಾರೆ ನೋಡಿದೆ. ಫೋನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕ್ಕೊಂಡು ಹೋಗಿ, ಕೂರೋ ಜಾಗದಲ್ಲಿ ಎರಡನ್ನೂ ಸಮ ಮಾಡಿಸಿ. ಅವರ ಡೆಮೋ ಹಾಡು ಬೇಡ, ನಿಮಗೆ ಬಾಯಿಪಾಠ ಇರೋ ಹಾಡನ್ನ ಪೆನ್‌ಡ್ರೈವಲ್ಲಿ ತಗೊಂಡು ಹೋಗಿ.

ಕಣ್ಣಿನ ಪಾಲು ಎಷ್ಟು ಅಂತ ಅಳೆದವರೂ ಇದಾರೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿದ್ದು ಆಮೇಲೆ ಹರ್ಮನ್ ಕಂಪನಿಗೆ ಬಂದ ಫ್ಲಾಯ್ಡ್ ಟೂಲ್, ಅವರ ಜೊತೆ ಶಾನ್ ಆಲಿವ್, 1994ರಲ್ಲಿ ಅದೇ ಕಂಪನಿಯ 40 ಜನರನ್ನ ಕೂರಿಸಿ ನಾಲ್ಕು ಸ್ಪೀಕರ್ ಕೇಳಿಸಿದ್ರು, ಒಮ್ಮೆ ಕಾಣೋ ಹಾಗೆ, ಒಮ್ಮೆ ಪರದೆ ಹಿಂದೆ. ಕಾಣ್ತಿದ್ದಾಗ ದೊಡ್ಡ ದುಬಾರಿ ಸ್ಪೀಕರ್‌ಗೆ ಅಂಕ ಸುರಿಮಳೆ, ಪರದೆ ಬಿದ್ದ ಮೇಲೆ ಅಂತರ ಕುಗ್ಗಿಹೋಯ್ತು, ಸಣ್ಣ ಅಗ್ಗದ್ದರ ಅಂಕ ಮೇಲೆ ಬಂತು. ಸ್ಪೀಕರ್ ಕಂಪನಿಯಲ್ಲಿ ಕೆಲಸ ಮಾಡೋರೇ ಹೀಗೆ, ಇನ್ನು ನಾವು ಯಾವ ಲೆಕ್ಕ.

ಇದನ್ನೋದಿ ನಾವೂ ಮನೇಲಿ ಮಾಡಿದ್ವಿ, ಎರಡು ಜೋಡಿ ಸ್ಪೀಕರ್ ಮುಂದೆ ನಮ್ಮಮ್ಮನ ಹಳೇ ತೆಳು ವಾಯಿಲ್ ಸೀರೆ ಹಗ್ಗಕ್ಕೆ ಇಳಿಬಿಟ್ಟು, ಪಕ್ಕದ್ಮನೆ ಹುಡುಗನ ಕೈಲಿ ವೈರ್ ಬದಲಾಯಿಸ್ತಾ. ಮೃದಂಗದ ತನಿ ಆವರ್ತನ ಬಂದಾಗ ನಾನು ಅಡ್ಡಬಿದ್ದು ಹೊಗಳಿದ್ದು ಮೂರನೇ ಒಂದು ಭಾಗ ಬೆಲೆಯ ಜೋಡೀನ. ನಮ್ಮನೆಯವರು ಕಾಫಿ ತಂದವರು ನಿಂತಲ್ಲೇ ಕೇಳಿ ಸರಿಯಾಗಿ ಹೇಳಿಬಿಟ್ರು, ಆ ಮಾತು ಇವತ್ತಿಗೂ ಮುಗಿದಿಲ್ಲ. ಹಾಗಂತ ಐದು ಲಕ್ಷದ್ದು ಮೋಸ ಅಂತಲ್ಲ. ದೊಡ್ಡ ಹಾಲಲ್ಲಿ ಜೋರಾಗಿ ಕೇಳುವಾಗ ದನಿ ಕರ್ಕಶ ಆಗದೆ ನಿಲ್ಲೋದಕ್ಕೆ ಆ ದುಡ್ಡು ಕೆಲಸ ಮಾಡುತ್ತೆ. ಸಣ್ಣ ರೂಮಲ್ಲಿ ಮೆಲ್ಲಗೆ ಕೇಳೋರಿಗೆ ಅದರ ಬಹುಪಾಲು ಹೋಗೋದು ಪಾಲಿಶ್‌ಗೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡಲ್ಲಿ ಇಪ್ಪತ್ತು ವರ್ಷದ ಹಳೇ ಇಂಪೋರ್ಟೆಡ್ ಸ್ಪೀಕರ್ ಒಳ್ಳೇ ರೇಟಿಗೆ ಸಿಗ್ತಾ ಉಂಟು. ತಗೊಳ್ಬಹುದಾ? — ಮಂಗಳೂರು

ಉತ್ತರ: ದುಡ್ಡಿಗೆ ತಕ್ಕ ಮಾಲು ಬೇಕಂದ್ರೆ ಸೆಕೆಂಡ್ ಹ್ಯಾಂಡೇ ಸೈ, ಆದ್ರೆ ನಿಮ್ಮೂರಿನ ಹವೆ ನೋಡಿ ಹುಷಾರು. ಕೋನಿನ ಸುತ್ತ ಇರೋ ಉಂಗುರ ರಬ್ಬರಾ ಫೋಮಾ ಕೇಳಿ. ಫೋಮ್ ಆದ್ರೆ ಹತ್ತು ಹದಿನೈದು ವರ್ಷಕ್ಕೆ ಹಳೇ ಹಪ್ಪಳದ ಹಾಗೆ ಪುಡಿ ಆಗುತ್ತೆ, ಕರಾವಳಿಯ ಸೆಕೆಗೆ ಇನ್ನೂ ಬೇಗ, ಬೆರಳಲ್ಲಿ ಮೆಲ್ಲಗೆ ಮುಟ್ಟಿದ್ರೆ ಕಪ್ಪು ಮಸಿ ಹತ್ತುತ್ತೆ. ಹೊಸ ಫೋಮ್ ಹಾಕಿಸ್ಬಹುದು, ದೊಡ್ಡ ಖರ್ಚೇನಲ್ಲ, ಅದನ್ನ ರೇಟಲ್ಲಿ ಕಳೀರಿ. ಎರಡು ಕೈಯ ಬೆರಳಲ್ಲಿ ಕೋನನ್ನ ಸಮವಾಗಿ ಒಳಗೆ ಒತ್ತಿ ಬಿಡಿ, ಕರಕರ ಉಜ್ಜಿದ ಶಬ್ದ ಬಂದ್ರೆ ಕೋನಿನ ಹಿಂದಿರೋ ತಂತಿ ಸುರುಳಿ, ಅಂದ್ರೆ ಕಾಯಿಲ್, ಸರಿ ಇಲ್ಲ, ಎದ್ದು ಬನ್ನಿ. ಡಬ್ಬಿಯ ತಳ ತಿರುಗಿಸಿ ಗೆದ್ದಲು, ನೀರು ಕುಡಿದು ಉಬ್ಬಿದ ಗುರುತು ನೋಡೋದು ಮರೀಬೇಡಿ.

ಪ್ರಶ್ನೆ: ಸ್ಪೀಕರ್ ಕೇಬಲ್ಲಿಗೆ ನಲವತ್ತು ಸಾವಿರ ಹೇಳ್ತಿದಾರೆ. — ಶಿವಮೊಗ್ಗ

ಉತ್ತರ: ಕೊಡಬೇಡಿ. ಎಲೆಕ್ಟ್ರಿಕಲ್ ಅಂಗಡೀಲಿ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಿಗುತ್ತಲ್ಲ, ಐದು ಮೀಟರ್ ದೂರಕ್ಕೆ ಹೋಗಿ ಬರೋ ಲೆಕ್ಕ ಹಿಡಿದ್ರೂ ಅದರ ರೆಸಿಸ್ಟೆನ್ಸ್ ಒಂದು ಓಮ್‌ನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ, ಎಂಟು ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಪ್ಲಸ್ಸು ಮೈನಸ್ಸು ಎರಡೂ ಕಡೆ ಸರಿ ಹಾಕಿ, ಒಂದು ಕಡೆ ಅದಲುಬದಲಾದ್ರೆ ಬೇಸ್ ಮಾಯ ಆಗುತ್ತೆ, ಆಗ ಅಂಗಡಿಯವರು ಕೇಬಲ್ ಸರಿ ಇಲ್ಲ ಸಾರ್ ಅಂತ ಎಂಬತ್ತು ಸಾವಿರದ್ದು ತೋರಿಸ್ತಾರೆ.