ಬುಡದಲ್ಲಿ ಬಿದ್ದ ಪುಡಿ

ಪ್ರಶ್ನೆ: ಹೋದ ಬೇಸಿಗೆಯಲ್ಲಿ ಮಗನ ಹತ್ತಿರ ಜರ್ಮನಿಗೆ ಹೋಗಿದ್ದೆ. ಹಾರ್ಟ್ಸ್ ಎಂಬ ಗುಡ್ಡಗಾಡು ತೋರಿಸಿದ. ಗುಡ್ಡಕ್ಕೆ ಗುಡ್ಡವೇ ಒಣಗಿ ಬೂದಿಬಣ್ಣಕ್ಕೆ ನಿಂತಿದೆ. ಎಲ್ಲ ಒಂದು ಸಣ್ಣ ದುಂಬಿಯ ಕೆಲಸವಂತೆ. ಅವರು ಔಷಧ ಹೊಡೆಯಬಾರದೇ? ನಮ್ಮ ಕಲಘಟಗಿ ಕಡೆಯ ಸಾಗವಾನಿಗೂ ಅದು ಬಂದೀತೇ? ಊರಿಗೆ ಬಂದು ನೋಡಿದರೆ ಹಿತ್ತಲಿನ ಆಪೂಸ್ ಮಾವಿನ ಬುಡದಲ್ಲೂ ಕಟ್ಟಿಗೆಪುಡಿ ಬಿದ್ದಿದೆ. ಅಂದಿನಿಂದ ಜೀವಕ್ಕೆ ಸಮಾಧಾನವಿಲ್ಲ.
— ಓದುಗರೊಬ್ಬರು, ಕೆಲಗೇರಿ, ಧಾರವಾಡ

ಉತ್ತರ: ಅಕ್ಕಾರೇ, ನಿಮ್ಮ ಮಾವಿನ ಗಿಡಕ್ಕೆ ಬಂದದ್ದು ಜರ್ಮನಿಯ ದುಂಬಿ ಅಲ್ಲ. ಆ ಗಾಬರಿ ಬಿಡ್ರಿ. ಗಿಡದ ಉಪಚಾರ ಕೊನೆಗೆ ಹೇಳುತ್ತೇನೆ.

ನೀವು ನೋಡಿದ್ದು ಸ್ಪ್ರೂಸ್ ಎಂಬ ಸೂಜಿ ಎಲೆಯ ಮರ. ಅದನ್ನು ಕೊಲ್ಲುವ ತೊಗಟೆ ದುಂಬಿ ನಾಲ್ಕೈದು ಮಿಲಿಮೀಟರ್ ಉದ್ದ, ಒಂದು ಅಕ್ಕಿಕಾಳಿಗಿಂತ ಹೆಚ್ಚಿಲ್ಲ. ಅಲ್ಲಿಯವರು ಅದನ್ನು ‘ಬೂಖ್‌ಡ್ರುಕರ್’ ಅನ್ನುತ್ತಾರೆ, ಅಂದರೆ ಪುಸ್ತಕ ಅಚ್ಚು ಹಾಕುವವ. ತೊಗಟೆ ಎಬ್ಬಿಸಿ ಒಳಮೈ ನೋಡಿದರೆ ಹೆಸರಿನ ಅರ್ಥ ತಿಳಿಯುತ್ತದೆ. ಹೆಣ್ಣು ದುಂಬಿ ಮರದ ಉದ್ದಕ್ಕೆ ನೆಟ್ಟಗೆ ಸುರಂಗ ಕೊರೆದು ಎರಡೂ ಮಗ್ಗುಲಿಗೆ ತತ್ತಿ ಇಡುತ್ತದೆ. ಮರಿಹುಳುಗಳು ಅಲ್ಲಿಂದ ಅಡ್ಡಡ್ಡ ತಿನ್ನುತ್ತ ಹೊರಡುತ್ತವೆ. ಹುಳು ಬೆಳೆದ ಹಾಗೆ ಗೆರೆಯೂ ಅಗಲ. ಸಾಲಿಗೆ ಸಾಲು, ಅಚ್ಚು ಒತ್ತಿದ ಹಾಳೆಯ ಹಾಗೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದೂ ಇದೇ ಒಳತೊಗಟೆಯ ಮೂಲಕ. ಸುತ್ತಲೂ ಅದನ್ನು ತಿಂದರೆ ಬೇರು ಉಪವಾಸ. ದುಂಬಿಯ ಜೊತೆಗೆ ಬರುವ ಬೂಷ್ಟು ನೀರಿನ ದಾರಿಯನ್ನೂ ಕಟ್ಟುತ್ತದೆ.

ಗಟ್ಟಿಯಿದ್ದ ಮರ ಸುಮ್ಮನೆ ಸಾಯುವುದಿಲ್ಲ. ಕೊರೆದ ತೂತಿಗೆ ಅಂಟು ಸುರಿಸಿ ದುಂಬಿಯನ್ನು ಮುಳುಗಿಸುತ್ತದೆ. 2018ರಿಂದ 2020ರವರೆಗೆ ಅಲ್ಲಿ ಬರ ಬಿತ್ತು. ನೀರಿಲ್ಲದ ಮರದಲ್ಲಿ ಅಂಟು ಎಲ್ಲಿಂದ ಬರಬೇಕು? ಮೇಲಾಗಿ ಅದು ಮನುಷ್ಯರೇ ಸಾಲು ಹಿಡಿದು ನೆಟ್ಟ ಒಂದೇ ಜಾತಿಯ ಕಾಡು. ಮೊದಲು ಹೊಕ್ಕ ದುಂಬಿ ವಾಸನೆ ಬಿಟ್ಟು ಉಳಿದವನ್ನು ಕರೆಯುತ್ತದೆ, ಸೆಕೆಯ ವರ್ಷ ಎರಡು ಮೂರು ಪೀಳಿಗೆ ಏಳುತ್ತವೆ. ಹುಳು ಇರುವುದು ತೊಗಟೆಯ ಒಳಗೆ. ಹೊರಗಿನಿಂದ ಔಷಧ ಹೊಡೆದು ಅದನ್ನು ಮುಟ್ಟುವುದು ಹೇಗೆ?

ಹಾಗಾಗಿ ಅಲ್ಲಿಯ ಕಾವಲುಗಾರರ ಕೆಲಸ ಬುಡ ನೋಡುತ್ತ ಅಡ್ಡಾಡುವುದು. ತೊಗಟೆಯ ಸಂದಿಯಲ್ಲಿ, ಜೇಡರ ಬಲೆಯಲ್ಲಿ ತಪಕೀರಿನಂಥ ಕಂದು ಪುಡಿ ಕಂಡರೆ ಆ ಮರಕ್ಕೆ ಗುರುತು ಹಾಕುತ್ತಾರೆ. ತುದಿ ಇನ್ನೂ ಹಸಿರಾಗಿಯೇ ಇರುತ್ತದೆ, ಆದರೂ ಕಡಿಯಬೇಕು. ತುದಿ ಕೆಂಪಾಗುವ ತನಕ ಕಾದರೆ ದುಂಬಿ ಹಾರಿ ಪಕ್ಕದ ಮರ ಸೇರಿರುತ್ತದೆ. ಕಡಿದ ದಿಮ್ಮಿಯನ್ನು ಕಾಡಿನಿಂದ ದೂರ ಒಯ್ಯಬೇಕು ಇಲ್ಲವೇ ತೊಗಟೆ ಸುಲಿಯಬೇಕು. ಬಿಳಿ ಮರಿಹುಳು ಇರುವಾಗಲೇ ಸುಲಿದರೆ ಒಣಗಿ ಸಾಯುತ್ತವೆ, ದುಂಬಿಯಾದ ಮೇಲಾದರೆ ಸುಲಿದ ತೊಗಟೆಯನ್ನೂ ನಾಶ ಮಾಡಬೇಕು. ವಾಸನೆಯ ಬೋನು ದುಂಬಿ ಹಾರಾಟ ಶುರುವಾಯಿತೇ ಎಂದು ತಿಳಿಯಲು ಒಳ್ಳೆಯದು. ಅದನ್ನೇ ನಂಬಿ ಕೂಡಬಾರದು.

ನಮ್ಮ ದೇಶಕ್ಕೂ ಇಂಥ ಕಾಟ ಹೊಸದಲ್ಲ. 1990ರ ದಶಕದ ಕೊನೆಗೆ ಮಧ್ಯಪ್ರದೇಶದಲ್ಲಿ ಸಾಲ್ ಎಂಬ ಗಟ್ಟಿ ಕಟ್ಟಿಗೆಯ ಮರದ ಕಾಡುಗಳಲ್ಲಿ ಕಾಂಡಕೊರಕ ದುಂಬಿ ಲಕ್ಷಗಟ್ಟಲೆ ಮರ ಹಾಳು ಮಾಡಿತು. ನೌಕರಿಯಲ್ಲಿದ್ದಾಗ ತರಬೇತಿಗೆಂದು ಮಂಡ್ಲಾ ಕಡೆಗೆ ಹೋಗಿದ್ದೆ. ಮಳೆ ಹಿಡಿಯುತ್ತಿದ್ದಂತೆ ಹಸಿ ದಿಮ್ಮಿ ಕಡಿದಿಟ್ಟು, ತೊಗಟೆ ಜಜ್ಜಿ ರಸ ಒಸರುವಂತೆ ಮಾಡುತ್ತಿದ್ದರು. ಉದ್ದ ಮೀಸೆಯ ದುಂಬಿಗಳು ಬಂದು ಆ ರಸ ಕುಡಿದು ಅಮಲೇರಿದವರ ಹಾಗೆ ಅಲ್ಲೇ ಕೂಡುತ್ತವೆ. ಹಳ್ಳಿಯ ಹೆಣ್ಣುಮಕ್ಕಳು ಕೈಯಿಂದ ಆರಿಸಿ, ಲೆಕ್ಕಕ್ಕೆಂದು ತಲೆ ಮುರಿದು ಡಬ್ಬಿಗೆ ಹಾಕುತ್ತಿದ್ದರು. ಆ ಡಬ್ಬಿ ಅಲುಗಾಡಿಸಿದಾಗ ಬಂದ ಸಪ್ಪಳ ನನಗಿನ್ನೂ ಕಿವಿಯಲ್ಲಿದೆ.

ಸ್ಪ್ರೂಸಿನ ದುಂಬಿ ಸಾಗವಾನಿಯಲ್ಲಿ ಬದುಕುವುದಿಲ್ಲ. ನಮ್ಮ ಸಾಗವಾನಿಯನ್ನು ಮಳೆಗಾಲದಲ್ಲಿ ಬರೀ ನರ ಉಳಿಸಿ ತಿನ್ನುವುದು ಎಲೆಹುಳು. ಬೆಳವಣಿಗೆ ಕುಂಠಿತವಾಗುತ್ತದೆ, ಆದರೆ ಗಿಡ ಮತ್ತೆ ಚಿಗುರುತ್ತದೆ.

ಇನ್ನು ಮಾವು. ಅದು ಕಾಂಡಕೊರಕ. ದೊಡ್ಡ ದುಂಬಿ, ಎರಡು ಇಂಚು ಉದ್ದ, ಬೂದಿಬಣ್ಣ, ತಲೆಯ ಹಿಂದೆ ಎರಡು ಕೆಂಪು ಚುಕ್ಕೆ. ನಮ್ಮ ಮನೆಯ ಮಾವಿನ ಬುಡದಲ್ಲಿ ಇಂಥ ಪುಡಿ ಕಂಡಾಗ ಗೆದ್ದಲು ಎಂದು ತಿಳಿದು ಎರಡು ವರ್ಷ ಬಿಟ್ಟೆ, ಮೂರನೆಯ ವರ್ಷ ಗಿಡವೇ ಹೋಯಿತು. ಅಪ್ಪ ನೆಟ್ಟ ಗಿಡ ಅದು. ನೀವು ಹಾಗೆ ಬಿಡಬೇಡಿ. ನಾಳೆಯೇ ಬುಡ ಸ್ವಚ್ಛ ಗುಡಿಸಿ, ಪುಡಿ ಎಲ್ಲಿಂದ ಉದುರುತ್ತದೆ ಎಂದು ಕಾಂಡದ ಮೇಲೆ ತೂತು ಹುಡುಕಿ. ಸೈಕಲ್ಲಿನ ಕಡ್ಡಿಯ ತುದಿ ಬಗ್ಗಿಸಿ ಒಳಗೆ ಹಾಕಿ ಹುಳು ಎಳೆಯಿರಿ. ಬೆರಳುದಪ್ಪ ಬಿಳಿ ಹುಳು ಬರುತ್ತದೆ. ಸಿಗದಿದ್ದರೆ ಹತ್ತಿಗೆ ಪೆಟ್ರೋಲ್ ಹಚ್ಚಿ ಒಳಗೆ ತುರುಕಿ, ಹಸಿ ಮಣ್ಣಿನಿಂದ ತೂತು ಮೆತ್ತಿ. ಹತ್ತಿರ ಬೆಂಕಿ ಇರಬಾರದು. ಎಂಟು ದಿನ ಬಿಟ್ಟು ಮತ್ತೆ ಬುಡ ನೋಡಿ. ಹೊಸ ಪುಡಿ ಬಿದ್ದಿದ್ದರೆ ಮೇಲೆ ಇನ್ನೊಂದು ತೂತು ಇದೆ.