‘ಎಂಪೈರ್’ ಪದದ ಮೂಲಾರ್ಥ ಮತ್ತು ನಮ್ಮ ‘ಸಾಮ್ರಾಜ್ಯ’

‘ಎಂಪೈರ್’ ಎಂಬ ಪದ ಎಲ್ಲಿಂದ ಬಂತು, ಚಕ್ರವರ್ತಿಯೇ ಇಲ್ಲದ ಆಳ್ವಿಕೆಯನ್ನೂ ಹಾಗೆ ಕರೆಯಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕರೆಯಬಹುದು, ಆ ಪದದ ಬೇರು ರೋಮಿನ ಚಕ್ರವರ್ತಿಗಳಿಗಿಂತ ಹಳೆಯದು.

ಇಂಗ್ಲಿಷಿಗೆ ಅದು ಫ್ರೆಂಚಿನ ಮೂಲಕ ಬಂದರೂ ಮೂಲ ಲ್ಯಾಟಿನ್ನಿನ ‘ಇಂಪೇರಿಯಂ’, ಅಂದರೆ ಆಜ್ಞಾಪಿಸುವ ಅಧಿಕಾರ. ರೋಮ್ ಗಣರಾಜ್ಯದಲ್ಲಿ ದಂಡನ್ನು ನಡೆಸುವ, ತಪ್ಪಿತಸ್ಥರನ್ನು ಶಿಕ್ಷಿಸುವ ಈ ಅಧಿಕಾರ ಕಾನ್ಸಲ್ (ಅತ್ಯುನ್ನತ ಅಧಿಕಾರಿ), ಪ್ರೀಟರ್ (ಅವನ ಕೆಳಗಿನ ಅಧಿಕಾರಿ) ಮುಂತಾದ ಕೆಲವರಿಗೆ ಮಾತ್ರ, ಅದೂ ಗೊತ್ತಾದ ಅವಧಿಗೆ, ದೊರೆಯುತ್ತಿತ್ತು. ಕಾನ್ಸಲ್ ಹೊರಟಾಗ ಲಿಕ್ಟರ್‌ಗಳೆಂಬ 12 ಮಂದಿ ಅನುಚರರು ಕೋಲಿನ ಕಟ್ಟುಗಳನ್ನು ಹೊತ್ತು ಮುಂದೆ ನಡೆಯುತ್ತಿದ್ದರು. ನಗರದ ಪವಿತ್ರ ಗಡಿಯ ಹೊರಗೆ ಆ ಕಟ್ಟುಗಳಲ್ಲಿ ಕೊಡಲಿಯೂ ಇರುತ್ತಿತ್ತು, ಒಳಗೆ ಬರುವಾಗ ಅದನ್ನು ತೆಗೆದಿಡಬೇಕಿತ್ತು. ನಗರದೊಳಗಿನ ಪ್ರಜೆಗೆ ಮರಣದಂಡನೆಯ ವಿರುದ್ಧ ಜನಸಭೆಯ ಮೊರೆಹೋಗುವ ಹಕ್ಕಿತ್ತು ಎಂಬುದರ ಗುರುತು ಅದು. ಇಂಪೇರಿಯಂ ಎಂದರೇನೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ವಿವರ ನನಗೆ ಬೇರೆ ಸಿಕ್ಕಿಲ್ಲ.

ರೋಮನ್ ಜನತೆಯ ಆಜ್ಞೆ ನಡೆಯುವ ಪ್ರದೇಶ ಹಿಗ್ಗಿದಂತೆ, ಮೊದಲ ಚಕ್ರವರ್ತಿ ಆಗಸ್ಟಸ್‌ನ ಕಾಲದ ಹೊತ್ತಿಗೆ, ಅಧಿಕಾರದ ಹೆಸರು ಆ ನೆಲಕ್ಕೂ ಅಂಟಿಕೊಂಡಿತು. ಉತ್ತರ ಆಫ್ರಿಕದ ಕಾರ್ಥೇಜ್ ನಗರವನ್ನು ನಾಶಮಾಡಿ ಅದರ ಸೀಮೆಯನ್ನು ಪ್ರಾಂತ್ಯವಾಗಿಸಿಕೊಂಡದ್ದು ಕ್ರಿ.ಪೂ. 146ರಲ್ಲಿ, ಆಗಸ್ಟಸ್ ‘ಆಗಸ್ಟಸ್’ ಎಂಬ ಬಿರುದನ್ನು ಪಡೆದದ್ದು ಕ್ರಿ.ಪೂ. 27ರಲ್ಲಿ. ಅಂದರೆ ಚಕ್ರವರ್ತಿ ಬರುವ ನೂರು ವರ್ಷಕ್ಕೂ ಮೊದಲೇ ರೋಮ್ ಹೊರನಾಡುಗಳನ್ನು ಆಳುತ್ತಿತ್ತು. ಗೆದ್ದ ಸೇನಾನಿಯನ್ನು ಸೈನಿಕರು ಜಯಘೋಷದೊಡನೆ ಕರೆಯುತ್ತಿದ್ದ ‘ಇಂಪೆರಾಟೊರ್’ ಎಂಬುದನ್ನು ಆಗಸ್ಟಸ್ ತನ್ನ ಹೆಸರಿನ ಭಾಗವಾಗಿಸಿಕೊಂಡಿದ್ದರಿಂದಲೇ ಮುಂದೆ ಅದು ಅರಸರ ಪದವಿಯಾಗಿ ‘ಎಂಪರರ್’ ಆಯಿತು.

ಅಧಿಕಾರದಿಂದ ನೆಲಕ್ಕೆ ಅರ್ಥ ಸರಿಯುವುದು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ ‘ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಮಾಚಂದ್ರಾರ್ಕತಾರಂ ಸಲುತ್ತಮಿರೆ’ (ವಿಜಯದ ಆಳ್ವಿಕೆ ಮೇಲಿಂದ ಮೇಲೆ ಬೆಳೆಯುತ್ತ, ಚಂದ್ರ ಸೂರ್ಯ ತಾರೆಗಳಿರುವತನಕ ನಡೆಯುತ್ತಿರಲು) ಎಂಬ ಮಾತಿನಲ್ಲಿ ‘ರಾಜ್ಯ’ವೆಂದರೆ ಆಳ್ವಿಕೆ, ಇಂದು ಅದೇ ಪದ ಭೂಪಟದ ಮೇಲಿನ ಗೆರೆಗಳೊಳಗಿನ ನೆಲ.

‘ಸಾಮ್ರಾಜ್ಯ’ದ ದಾರಿ ಬೇರೆ. ಅದು ‘ಸಮ್ರಾಜ್’ ಪದದಿಂದ ಬಂದದ್ದು. ಋಗ್ವೇದದಲ್ಲಿ ವರುಣನನ್ನು ಹಾಗೆ ಕರೆದಿದೆ. ರಾಜಸೂಯ ಯಾಗ ಮಾಡಿದವನು ರಾಜ, ವಾಜಪೇಯ ಯಾಗ ಮಾಡಿದವನು ಸಮ್ರಾಟ ಎಂದು ಶತಪಥ ಬ್ರಾಹ್ಮಣವೆಂಬ ವೈದಿಕ ಗ್ರಂಥ ಹೇಳುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ನೆಲದ ಹರವಲ್ಲ, ಪದವಿಯ ಎತ್ತರ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ 1533ರ ಕಾಯಿದೆ ತಮ್ಮ ದೇಶ ಒಂದು ‘ಎಂಪೈರ್’ ಎಂದು ಸಾರಿದಾಗಲೂ, ಪೋಪ್ ಸೇರಿದಂತೆ ತಮ್ಮ ಮೇಲೆ ಹೊರಗಿನ ಯಾವ ಅಧಿಕಾರವೂ ಇಲ್ಲವೆಂಬುದೇ ಅದರ ತಾತ್ಪರ್ಯವಾಗಿತ್ತು.

ಆದುದರಿಂದ ಬಿರುದನ್ನು ನೋಡಿ ಸಾಮ್ರಾಜ್ಯವನ್ನು ನಿರ್ಧರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ವಿಜಯನಗರವನ್ನು ಸ್ಥಾಪಿಸಿದ ಹರಿಹರ, ಬುಕ್ಕರು ತಮ್ಮ ಆರಂಭದ ಶಾಸನಗಳಲ್ಲಿ ಧರಿಸಿದ ಬಿರುದು, ಅದಕ್ಕೂ ಹಿಂದೆ ಸಾಮಂತರು ಬಳಸುತ್ತಿದ್ದ ‘ಮಹಾಮಂಡಲೇಶ್ವರ’.