ಟೇಪಿನಿಂದ ನೋಟ್‌ಬುಕ್ಕಿಗೆ ಬರುವಷ್ಟರಲ್ಲಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 43 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಸಲಹೆ ಕೇಳಲು ನನ್ನ ಹತ್ತಿರ ಬಂದು ಕೂತವರೇ ಬ್ಯಾಗಿನಿಂದ ಒಂದು ರೇಷ್ಮೆ ಬ್ಲೌಸ್ ತೆಗೆದು ಮೇಜಿನ ಮೇಲೆ ಹರಡಿದರು. ತೋಳು ಎರಡು ಇಂಚು ಗಿಡ್ಡ.

"ಟೇಪ್ ಹಿಡಿದು ನೋಡ್ತೀನಿ ಮೇಡಂ, ಹತ್ತೂವರೆ. ಬರೆಯೋಕೆ ಅಂತ ತಿರುಗೋ ಅಷ್ಟರಲ್ಲಿ ಹೋಗಿರುತ್ತೆ. ಅಮ್ಮನಿಗೂ ಹೀಗೇ ಶುರುವಾಗಿದ್ದು."

ಅವರ ತಾಯಿಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು ಚಿಲಕ ತೆಗೆದು ಹೊರಗೆ ಹೋಗಿಬಿಡುತ್ತಾರೆ. ಎರಡು ಸಲ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಿದ್ದರಂತೆ. ಮಗಳಿಗೆ ಸರಿಯಾಗಿ ನಿದ್ದೆಯಾಗಿ ಒಂದು ವರ್ಷವೇ ಆಗಿದೆ.

ನಾನು ಕೆಲವು ಅಂಕಿ ಹೇಳಿ, ಅದನ್ನೇ ತಿರುಗಿ ಹೇಳಿ ಎಂದೆ. ಆರು ಅಂಕಿವರೆಗೂ ಹೇಳಿದರು. ಹಿಂದಿನಿಂದ ಹೇಳಿ ಎಂದಾಗ ಮೂರಕ್ಕೇ ನಿಂತರು. ನಾಲ್ಕನೆಯದನ್ನು ಹೇಳುವಾಗ ಪಕ್ಕದ ಕೋಣೆಯ ಬಾಗಿಲು ಸದ್ದಾಯಿತು. ಥಟ್ಟನೆ ಅವರ ಕತ್ತು ಆ ಕಡೆ ತಿರುಗಿತು, ಅಂಕಿ ಉದುರಿಹೋಯಿತು. ನನಗೆ ಅರ್ಥವಾಗಿದ್ದು ಆಗಲೇ.

ಅವರಿಗೆ ನಾನು ಹೇಳಿದ್ದು ಇಷ್ಟು. ಹತ್ತೂವರೆ ಅನ್ನೋದನ್ನು ನಾಲ್ಕೈದು ಸೆಕೆಂಡ್ ಹಿಡಿದಿಟ್ಟುಕೊಳ್ಳುವುದು ಒಂದು ಬೇರೆಯೇ ಕೆಲಸ. ಅದನ್ನು ಮುಖ್ಯವಾಗಿ ಮಾಡುವುದು ಹಣೆಯ ಹಿಂದಿನ ಎರಡೂ ಬದಿ ಮತ್ತು ನೆತ್ತಿಯ ಹಿಂಭಾಗ ಸೇರಿದ ಮೆದುಳಿನ ಒಂದು ಜಾಲ. ಸುಮ್ನೆ ಕೂತಾಗ ಹಳೆಯದು, ಮುಂದಿನದು, ಮನೆಯವರ ಚಿಂತೆ ಎಲ್ಲ ಓಡುತ್ತದಲ್ವಾ, ಅದು ಇನ್ನೊಂದು ಜಾಲ. 2001ರಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಅವರ ತಂಡ ಅದಕ್ಕೆ 'ಡೀಫಾಲ್ಟ್ ಮೋಡ್' ಎಂದು ಹೆಸರಿಟ್ಟರು. ಸಾಮಾನ್ಯವಾಗಿ ಮೊದಲನೆಯದು ಕೆಲಸಕ್ಕೆ ಇಳಿದರೆ ಎರಡನೆಯದು ತಗ್ಗುತ್ತದೆ. ಯಾವುದು ಏಳಬೇಕು, ಯಾವುದು ತಗ್ಗಬೇಕು ಎಂದು ತೀರ್ಮಾನಿಸುವುದರಲ್ಲಿ ಮೂರನೆಯದರ ಪಾತ್ರ ದೊಡ್ಡದು. ಅದರ ಒಂದು ತುಂಡು ತಲೆಯ ಪಕ್ಕದಲ್ಲಿ ಮೆದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ. 'ಈಗ ಯಾವುದು ಮುಖ್ಯ' ಎಂದು ನೋಡುತ್ತಾ ಇರುವುದೇ ಅದರ ಕೆಲಸ.

"ನಿಮ್ಮ ಮನೆಯಲ್ಲಿ ಅದಕ್ಕೆ ಮುಖ್ಯವಾಗಿರೋದು ಚಿಲಕದ ಸದ್ದು," ಎಂದೆ. "ತೋಳಿನ ಅಳತೆ ಅಲ್ಲ."

ಅವರು ಅತ್ತರು. ನಾನು ಸುಮ್ಮನೆ ಕಾದೆ.

ನಿದ್ದೆಗೆಟ್ಟಾಗ ಈ ಜಾಲಗಳ ನಡುವಿನ ಹೊಂದಾಣಿಕೆ ಇನ್ನೂ ಸಡಿಲವಾಗುತ್ತದೆ. ಕೆಲಸದ ಮಧ್ಯೆ ಚಿಂತೆ ನುಗ್ಗುತ್ತದೆ. ಅದೂ ಅಲ್ಲದೆ ಹೀಗೆ ನಾಲ್ಕೈದು ಸೆಕೆಂಡ್ ಹಿಡಿದಿಟ್ಟುಕೊಳ್ಳುವ ಜಾಗವೇ ಚಿಕ್ಕದು. ಒಂದು ಸಲಕ್ಕೆ ಸುಮಾರು ಏಳು ಸಂಗತಿ ಹಿಡಿಯುತ್ತದೆ ಎಂದು 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಬರೆದಿದ್ದರು. ಆಮೇಲಿನ ಅಧ್ಯಯನಗಳು ಅದನ್ನು ಮೂರು ನಾಲ್ಕಕ್ಕೆ ಇಳಿಸಿವೆ. ಒಂದು ಬ್ಲೌಸಿಗೇ ಅದಕ್ಕಿಂತ ಜಾಸ್ತಿ ಅಳತೆ ಬೇಕು.

ಹೋದ ತಿಂಗಳು ಬಂದ ಗಿರಾಕಿ ಯಾರು, ಯಾವ ಬಟ್ಟೆ, ಎಷ್ಟು ಬಾಕಿ, ಎಲ್ಲವನ್ನೂ ತಪ್ಪಿಲ್ಲದೆ ಹೇಳಿದರು. ಅದು ನನಗೆ ಸಮಾಧಾನ ಕೊಟ್ಟಿತು. ಆದರೂ ಕಾಯಿಲೆ ಇಲ್ಲ ಎಂದು ಹೇಳುವ ಹಕ್ಕು ನನ್ನದಲ್ಲ. ಡಾಕ್ಟರ ಹತ್ತಿರ ಕಳಿಸಿದೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿ ಎಂದೆ. ಬಿ12 ಕಡಿಮೆ ಇತ್ತು, ಚಿಕಿತ್ಸೆ ಶುರುವಾಯಿತು.

ಉಳಿದ ಸಲಹೆ ತೀರಾ ಸಾದಾ. ಅಳತೆಯನ್ನು ಗಟ್ಟಿಯಾಗಿ ಹೇಳಿ, ಗಿರಾಕಿ ಕೈಲೇ ಬರೆಸಿ. ಬಾಗಿಲಿಗೆ ದೊಡ್ಡ ಗಂಟೆ ಕಟ್ಟಿ, ಆಗ ಕಿವಿ ಇಡೀ ದಿನ ಚಿಲಕ ಕಾಯಬೇಕಿಲ್ಲ. ಮೊಬೈಲಿನ ಜ್ಞಾಪಕಶಕ್ತಿ ಆಟಗಳನ್ನು ಆಡಲೇ ಎಂದು ಕೇಳಿದರು. ಬೇಡ ಎಂದೆ. ಆಡಿದರೆ ಹೆಚ್ಚಾಗಿ ಆ ಆಟದಲ್ಲಿ ಕೈ ಪಳಗುತ್ತದೆ ಅಷ್ಟೇ. ಅದರ ಬದಲು ಆ ಅರ್ಧ ಗಂಟೆ ಮಲಗಿ.

ಕಷ್ಟವಾದದ್ದು ತಮ್ಮನನ್ನು ಕೇಳುವುದು. "ಅವನಿಗೂ ಸಂಸಾರ ಇದೆ" ಎಂದು ಮೂರು ಸಲ ಹೇಳಿದರು. ತಾಯಿ ಅವನಿಗೂ ತಾಯಿಯೇ ಅಲ್ವಾ ಎಂದೆ. ಏನು ಮಾತಾಡಬೇಕು ಎಂದು ಇಬ್ಬರೂ ಕೂತು ಒಂದು ಚೀಟಿಯಲ್ಲಿ ಬರೆದೆವು.

ಆರು ವಾರದ ಮೇಲೆ ಬಂದಾಗ ಹಿಂದಿನಿಂದ ಐದು ಅಂಕಿ ಹೇಳಿದರು. ಆ ರೇಷ್ಮೆ ಬ್ಲೌಸಿಗೆ ಬಾರ್ಡರ್ ಕೊಟ್ಟು ತೋಳು ಉದ್ದ ಮಾಡಿದ್ದರು. ತಮ್ಮ ಶನಿವಾರ ರಾತ್ರಿ ಬಂದು ಮಲಗುತ್ತಾನೆ. ಬುಧವಾರಕ್ಕೂ ಕೇಳಬೇಕು, ಇನ್ನೂ ಕೇಳಿಲ್ಲ.